ಇಪ್ಪತ್ತನೆಯ ದೇಶದ ಅಂಗೀಕಾರ

ಒಂದು ಫೋಟೋ ಚೆನ್ನಾಗಿದೆಯೋ ಇಲ್ಲವೋ ಎಂಬುದು ಫೋಟೋ ನೋಡಿ ತೀರ್ಮಾನಿಸುವ ವಿಷಯವಲ್ಲ, ದಾಖಲೆ ನೋಡಿ ತೀರ್ಮಾನಿಸುವ ವಿಷಯ. ಛಾಯಾಗ್ರಾಹಕರ ವಿಶ್ವ ಒಕ್ಕೂಟದ ನಿಯಮಾವಳಿಯ ಮೊದಲ ಪುಟದಲ್ಲೇ ಇದನ್ನು ಸ್ಪಷ್ಟಪಡಿಸಲಾಗಿದೆ. ಒಂದೇ ಚಿತ್ರ ಒಂದೇ ಶೀರ್ಷಿಕೆಯಡಿ ಇಪ್ಪತ್ತು ದೇಶಗಳ ಪ್ರದರ್ಶನಗಳಲ್ಲಿ ಅಂಗೀಕಾರವಾದರೆ, ತೆಗೆದವರು ತಮ್ಮ ಹೆಸರಿನ ಮುಂದೆ ಆರು ಅಕ್ಷರ ಹಾಕಿಕೊಳ್ಳಬಹುದು. ಹತ್ತೊಂಬತ್ತು ದೇಶಗಳಲ್ಲಾದರೆ ಏನೂ ಹಾಕಿಕೊಳ್ಳುವಂತಿಲ್ಲ. ಶೀರ್ಷಿಕೆ ಬದಲಾದರೆ ಹಿಂದಿನ ಎಲ್ಲ ಅಂಗೀಕಾರಗಳೂ ತಾವಾಗಿಯೇ ರದ್ದಾಗತಕ್ಕದ್ದು.

ಭೂಮಾಪನ ಕಚೇರಿಯ ಸರ್ವೆಯರಿಗೆ ಈ ನಿಯಮಗಳೆಲ್ಲ ಬಾಯಿಪಾಠ. ಹಗಲೆಲ್ಲ ಊರವರ ಜಮೀನಿನ ಗಡಿ ಅಳೆದು ಬಂದು, ಸಂಜೆ ಕೈಕಾಲು ತೊಳೆದು, ಅಂಗೀಕಾರಗಳ ದಾಖಲೆ ಬಿಚ್ಚಿ ಕೂರುತ್ತಿದ್ದರು. ದೇಶ, ಪ್ರದರ್ಶನ, ಶೀರ್ಷಿಕೆ, ಷರಾ ಎಂದು ಕಾಲಂ ಎಳೆದು ತುಂಬುತ್ತಿದ್ದರು. ಕ್ಯಾಮೆರಾ ಮುಟ್ಟಿ ಎರಡು ವರ್ಷವಾಗಿತ್ತು. ದಾಖಲೆ ಸರಿಯಾಗಿ ಇಡುವವರಿಗೆ ಫೋಟೋ ತೆಗೆಯಲು ಪುರುಸೊತ್ತು ಎಲ್ಲಿಂದ ಬರಬೇಕು ಎಂದು ಕ್ಲಬ್ಬಿನಲ್ಲಿ ಎಲ್ಲರೂ ಒಪ್ಪಿದ್ದರು.

ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಅಕ್ಷರ ಇದ್ದವರಿಗೆ ಮುಂದಿನ ಸಾಲಿನಲ್ಲಿ ಮೆತ್ತೆಯ ಕುರ್ಚಿ. ಇಲ್ಲದವರಿಗೆ ಹಿಂದೆ, ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಸರ್ವೆಯರು ಒಂಬತ್ತು ವರ್ಷದಿಂದ ಆ ಪ್ಲಾಸ್ಟಿಕ್ಕಿನ ಮೇಲೆ ಕೂತು, ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯವರ ಬೋಳುತಲೆ ಹೊಳೆಯುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದರು. ಔಷಧಿ ಅಂಗಡಿಯವರು ಕೆಮ್ಮಿನ ಔಷಧಿಯ ರಸೀದಿಯ ಮೇಲೂ ತಮ್ಮ ಆರು ಅಕ್ಷರ ಬರೆಯುತ್ತಿದ್ದರು. ಅದನ್ನು ದೊಡ್ಡ ಡಾಕ್ಟರಿ ಪದವಿ ಎಂದು ತಿಳಿದು ದೂರದ ಊರುಗಳಿಂದಲೂ ಜನ ಬಂದು ನಾಲಿಗೆ ತೋರಿಸುತ್ತಿದ್ದರು.

ಸರ್ವೆಯರ ಚಿತ್ರದ ಹೆಸರು ‘ಒಂಟಿತನ’. ಅರೆಬೆಳಕಿನ ನಡುಮನೆ, ಕುರ್ಚಿಯ ತುದಿಯಲ್ಲಿ ಕೂತ ಒಬ್ಬ ವೃದ್ಧೆ, ಹೆಗಲ ಮೇಲೊಂದು ಬಟ್ಟೆ, ಮುಚ್ಚಿದ ಬಾಗಿಲಿನ ಮೇಲೆ ನೆಟ್ಟ ದೃಷ್ಟಿ. ವೃದ್ಧೆ ಬೇರೆ ಯಾರೂ ಅಲ್ಲ, ಅದೇ ಮನೆಯಲ್ಲಿರುವ ಅವರ ಅತ್ತೆ. ‘ಮನುಕುಲದ ಕೊನೆಯ ನಿರೀಕ್ಷೆ’ ಎಂದು ಒಂದು ದೇಶದ ತೀರ್ಪುಗಾರರು ಬರೆದಿದ್ದರು. ‘ಹೆಗಲ ಮೇಲಿನ ಬಟ್ಟೆಯಲ್ಲಿ ಒಂದು ಶತಮಾನದ ಶೋಕವಿದೆ’ ಎಂದು ಇನ್ನೊಂದು ದೇಶದವರು. ಮನೆಯಲ್ಲಿ ಮಾತ್ರ ಯಾರಿಗೂ ಚಿತ್ರ ತೋರಿಸಿರಲಿಲ್ಲ. ಮನೆಯವರ ಅಭಿಪ್ರಾಯಕ್ಕೆ ಒಕ್ಕೂಟದಲ್ಲಿ ಅಂಕವಿರಲಿಲ್ಲ.

ಇಪ್ಪತ್ತು ದೇಶ ಮುಗಿದು, ಸರ್ವೆಯರು ಅರ್ಜಿ ಕಳಿಸಿ, ಅಕ್ಷರ ಹಾಕಿ ಸಹಿ ಮಾಡುವುದನ್ನು ಹಳೆಯ ಪೇಪರಿನ ಮೇಲೆ ರೂಢಿ ಮಾಡಿಕೊಳ್ಳುತ್ತಿದ್ದಾಗ ಒಕ್ಕೂಟದ ಉತ್ತರ ಬಂತು.

‘ತಮ್ಮ ದಾಖಲೆಯ ಎಂಟನೆಯ ದೇಶದ ಪ್ರದರ್ಶನವೂ ಹದಿಮೂರನೆಯ ದೇಶದ ಪ್ರದರ್ಶನವೂ ಒಬ್ಬರೇ ವ್ಯಕ್ತಿಯ ಊಟದ ಮೇಜಿನ ಮೇಲೆ ಜರುಗಿರುವುದು ಕಂಡುಬಂದಿರುವುದರಿಂದ, ಸದರಿ ಎರಡನ್ನೂ ಒಂದೇ ದೇಶವೆಂದು ಪರಿಗಣಿಸಲಾಗಿದೆ. ತಿಂಗಳಾಂತ್ಯದೊಳಗೆ ಇನ್ನೊಂದು ದೇಶ ಒದಗಿಸತಕ್ಕದ್ದು. ಆ ನಂತರದ ಅರ್ಜಿಗಳಿಗೆ ನಲವತ್ತು ದೇಶಗಳ ಹೊಸ ನಿಯಮ ಅನ್ವಯಿಸುತ್ತದೆ.’

ಸರ್ವೆಯರು ಕೂಡಲೇ ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿದರು.

“ತಿಂಗಳು ಮುಗಿಯೋದ್ರೊಳಗೆ ಯಾವ ದೇಶದಲ್ಲೂ ಪ್ರದರ್ಶನ ಇಲ್ಲ ಸಾರ್. ಎಲ್ಲಾ ದೇಶಗಳೂ ಮುಗಿದುಹೋಗಿವೆ,” ಎಂದರು ಕಾರ್ಯದರ್ಶಿ.

“ದೇಶ ಅಂದ್ರೆ ಏನು ಅಂತ ನಿಯಮದಲ್ಲಿ ಏನಾದ್ರೂ ಹೇಳಿದ್ದಾರಾ, ನೋಡಿ.”

ಕಾರ್ಯದರ್ಶಿ ಪುಟ ಮಗುಚಿ ಓದಿದರು. “‘ದೇಶ ಎಂದರೆ ಸ್ವಂತ ಗಡಿ, ಒಬ್ಬರು ಮುಖ್ಯಸ್ಥರು, ಮೂವರು ತೀರ್ಪುಗಾರರು ಮತ್ತು ಒಂದು ರಬ್ಬರ್ ಸೀಲು ಇರುವ ಸ್ಥಳ. ವಿಸ್ತೀರ್ಣಕ್ಕೆ ಮಿತಿ ಇರುವುದಿಲ್ಲ.’ ಇಷ್ಟೇ ಇರೋದು.”

ಸರ್ವೆಯರ ದೃಷ್ಟಿ ನಡುಮನೆಯಾಚೆಗಿನ ಅತ್ತೆಯ ಕೋಣೆಯ ಮೇಲೆ ಬಿತ್ತು. ಆ ಕೋಣೆಗೆ ಗಡಿ ಮೊದಲಿನಿಂದಲೂ ಇತ್ತು. ಕೇಳದೆ ಹೊಸ್ತಿಲು ತುಳಿದವರಿಗೆ ಒಳಗಿನಿಂದ “ಯಾರದು?” ಎಂಬ ಗುಡುಗು ಕೇಳುತ್ತಿತ್ತು. ಒಳಗಿನ ಕಾನೂನೇ ಬೇರೆ, ಗಡಿಯಾರ ಕೂಡ ಕಾಲು ಗಂಟೆ ಮುಂದೆ. ದೇಶವಾಗಲು ಸೀಲು ಒಂದು ಬಾಕಿ, ಅಷ್ಟೇ.

“ಅತ್ತೆ, ನಿಮ್ಮ ಕೋಣೇನ ಒಂದು ದೇಶ ಮಾಡೋಣ ಅಂತಿದ್ದೀನಿ,” ಎಂದರು ಸರ್ವೆಯರು, ಹೊಸ್ತಿಲಿನ ಈಚೆ ನಿಂತು.

“ಈಗ ಮತ್ತೇನಾಗಿದೆ ಅಳಿಯಂದ್ರೇ?” ಎಂದರು ಅತ್ತೆ. “ಸರಿ, ಮಾಡಿ. ಆದ್ರೆ ಒಂದ್ಸಲ ಮಾಡಿದ್ಮೇಲೆ ವಾಪಸ್ ಕೇಳಬಾರದು.”

ಸರ್ವೆಯರು ಟೇಪು ಹಿಡಿದು ಕಾನೂನುಬದ್ಧವಾಗಿ ಅಳತೆ ಮಾಡಿ ಚೆಕ್ಕುಬಂದಿ ಬರೆದರು: ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ನಡುಮನೆ, ದಕ್ಷಿಣಕ್ಕೆ ಬಟ್ಟೆ ಬೀರು, ಉತ್ತರಕ್ಕೆ ಬಚ್ಚಲು. ಮರುದಿನ ಸೀಲು ಬಂತು. ರಾಷ್ಟ್ರದ ಮುಖ್ಯಸ್ಥೆಯೂ ತೀರ್ಪುಗಾರರ ಮಂಡಳಿಯ ಅಧ್ಯಕ್ಷೆಯೂ ಅತ್ತೆಯೇ. ಉಳಿದಿಬ್ಬರಲ್ಲಿ ಒಬ್ಬರು ಸರ್ವೆಯರ ಹೆಂಡತಿ, ಶಾಲೆಯಲ್ಲಿ ಗಣಿತ ಕಲಿಸುವ ಮೇಡಂ. ಇನ್ನೊಬ್ಬರು ಮಹಡಿಯ ಮೇಲೆ ಬಾಡಿಗೆಗಿರುವ ಟೈಲರಕ್ಕ. ಪ್ರಥಮ ಅಂತರರಾಷ್ಟ್ರೀಯ ಪ್ರದರ್ಶನವನ್ನು ಘೋಷಿಸಲಾಯಿತು. ಬಂದ ಚಿತ್ರ ಒಂದೇ.

ತೀರ್ಪಿನ ದಿನ ಸರ್ವೆಯರನ್ನು ನಡುಮನೆಯಲ್ಲಿ, ಅಂದರೆ ವಿದೇಶದಲ್ಲಿ, ಕೂರಿಸಲಾಯಿತು. ಬಾಗಿಲು ಅರ್ಧ ತೆರೆದಿತ್ತು. ಹೇಗೂ ಮನೆಯವರೇ, ಕಣ್ಣು ಮುಚ್ಚಿ ಒಪ್ಪುತ್ತಾರೆ ಎಂದು ಸರ್ವೆಯರು ನಿರಾಳವಾಗಿ ಕಾಲು ಅಲ್ಲಾಡಿಸುತ್ತಿದ್ದರು.

“ಬಲಗಡೆ ಒಂದಿಂಚು ಜಾಸ್ತಿ ಬಿಟ್ಟಿದ್ದಾರೆ. ಕತ್ತರಿಸಿ ಮಡಿಚಿದ್ರೆ ಮೈಗೆ ಸರಿಯಾಗಿ ಕೂರುತ್ತೆ,” ಎಂದರು ಟೈಲರಕ್ಕ.

“ಉತ್ತರ ಸರಿ ಇದೆ, ಆದ್ರೆ ಹೇಗೆ ಬಂತು ಅಂತ ತೋರಿಸಿಲ್ಲ. ಅರ್ಧ ಅಂಕ ಕಳೀತೀನಿ,” ಎಂದರು ಮೇಡಂ.

ಕೊನೆಗೆ ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದು ನಾನಲ್ವಾ?”

“ಹೌದು ಅತ್ತೆ,” ಎಂದರು ವಿದೇಶದಿಂದ ಸರ್ವೆಯರು.

“ಕೆಳಗೆ ಏನೋ ಬರೆದಿದೆ. ಒಂಟಿತನ. ಯಾರ್ರೀ ಒಂಟಿ? ಇವತ್ತಿಗೂ ನೆನಪಿದೆ ನನಗೆ. ಈ ನಿಮ್ಮ ಹೆಂಡತಿ ತಲೆಗೆ ನೀರು ಹಾಕ್ಕೊಳ್ತೀನಿ ಅಂತ ಬಚ್ಚಲು ಸೇರಿ ಮುಕ್ಕಾಲು ಗಂಟೆ ಆಗಿತ್ತು. ನಾನು ಟವೆಲ್ ಹಾಕ್ಕೊಂಡು ಹೊರಗೆ ಕಾಯ್ತಾ ಕೂತಿದ್ದೆ. ಈ ಮುಖದಲ್ಲಿ ಒಂಟಿತನ ಎಲ್ಲಿದೆ? ಇರೋದು ಅವಸರ!”

“ಹತ್ತೊಂಬತ್ತು ದೇಶದವರು ಒಪ್ಪಿದ್ದಾರೆ ಅತ್ತೆ...”

“ಅವರ್ಯಾರಾದ್ರೂ ನಮ್ಮ ಬಚ್ಚಲ ಮುಂದೆ ಕಾದಿದ್ದಾರಾ? ಅವಸರ ಅಂತ ಹೆಸರಿಡಿ, ಈಗಲೇ ಸೀಲು ಹೊಡೀತೀನಿ.”

“ಹೆಸರು ಬದಲಾಯಿಸಿದ್ರೆ ಹತ್ತೊಂಬತ್ತೂ ಹೋಗುತ್ತೆ.”

“ಹಾಗಾದ್ರೆ ತಿರಸ್ಕೃತ,” ಎಂದರು ಅತ್ತೆ. ಮೇಡಂ ಅದನ್ನು ಬರೆದುಕೊಂಡರು.

ಸರ್ವೆಯರ ಕಣ್ಣಲ್ಲಿ ಬಳಬಳ ನೀರು ಬಂತು. ಒಂಬತ್ತು ವರ್ಷದ ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ ಚುಚ್ಚಿದಂತಾಯಿತು. ಅಳಿಯ ಅಳುವುದನ್ನು ಕಂಡು ಅತ್ತೆಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿದ್ದು ಅತ್ತೆಗೆ, ತೀರ್ಪು ಕೊಡಬೇಕಾಗಿದ್ದದ್ದು ಮುಖ್ಯಸ್ಥೆ. ಇಬ್ಬರೂ ಒಳಗೊಳಗೇ ಸ್ವಲ್ಪ ಹೊತ್ತು ಚರ್ಚಿಸಿದರು.

“ಅಳಬೇಡಿ. ಮಾತುಕತೆಗೆ ಬನ್ನಿ,” ಎಂದು ಮುಖ್ಯಸ್ಥೆ ಕರೆದರು. “ನಮ್ಮ ಉತ್ತರದ ಗಡಿ ಬಗ್ಗೆ ಮೊದಲಿಂದಲೂ ನನಗೆ ಅಸಮಾಧಾನ ಇದೆ.”

ಒಪ್ಪಂದ ಸಂಜೆಯೊಳಗೆ ಸಿದ್ಧವಾಯಿತು. ಬಚ್ಚಲು, ಅದರ ಎರಡು ನಲ್ಲಿ, ಒಂದು ಬಕೆಟ್ಟು ಮತ್ತು ಸೋಪಿನ ಡಬ್ಬಿ ಸಹಿತ, ಇಂದಿನಿಂದ ಶಾಶ್ವತವಾಗಿ ಅತ್ತೆಯ ದೇಶಕ್ಕೆ ಸೇರತಕ್ಕದ್ದು. ಪ್ರತಿಯಾಗಿ ಸದರಿ ದೇಶವು ‘ಒಂಟಿತನ’ ಚಿತ್ರವನ್ನು ಅದೇ ಶೀರ್ಷಿಕೆಯಡಿ, ಮನಸ್ಸಿಲ್ಲದ ಮನಸ್ಸಿನಿಂದ, ಅಂಗೀಕರಿಸತಕ್ಕದ್ದು.

“ರೀ, ಬಚ್ಚಲು ಬರೆದುಕೊಟ್ಟು ನಾಳೆ ಬೆಳಿಗ್ಗೆ ಏನು ಮಾಡ್ತೀರಿ?” ಎಂದು ಮೇಡಂ ಕೇಳಿದರು.

“ನಾಳೆ ನನಗೆ ಅಕ್ಷರ ಇರುತ್ತೆ ಕಣೇ,” ಎಂದು ಸರ್ವೆಯರು ಟೇಪು ಹಿಡಿದು ಹೋಗಿ ಹೊಸ ಗಡಿಯನ್ನು ಸ್ವಹಸ್ತದಿಂದ ಗುರುತಿಸಿದರು. ಮೇಡಂ ಕಾದು ಕೂರಲಿಲ್ಲ. ಅಂದೇ ತಾಯಿಯ ಬಳಿ ಅರ್ಜಿ ಹಾಕಿ ಎರಡೂ ದೇಶಗಳ ಪೌರತ್ವ ಪಡೆದುಕೊಂಡರು.

ಒಕ್ಕೂಟ ತಕ್ಷಣ ಒಪ್ಪಿತು. ‘ತೀರ್ಪು ಕಟ್ಟುನಿಟ್ಟಾಗಿ ನಡೆದಿರುವುದು, ಮೊದಲು ತಿರಸ್ಕರಿಸಿ ನಂತರ ಅಂಗೀಕರಿಸಿರುವುದು ಪ್ರಶಂಸನೀಯ’ ಎಂದು ಅತ್ತೆಗೆ ಪ್ರತ್ಯೇಕ ಪತ್ರವನ್ನೂ ಬರೆಯಿತು. ವಾರ್ಷಿಕ ಸಭೆಯಲ್ಲಿ ಸರ್ವೆಯರು ಮೆತ್ತೆಯ ಕುರ್ಚಿಯಲ್ಲಿ ಕೂತರು. ಔಷಧಿ ಅಂಗಡಿಯವರು ಒಂದು ಕುರ್ಚಿ ಆಚೆ ಸರಿಯಬೇಕಾಯಿತು. ಸರ್ವೆಯರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಸಭೆ ಮುಗಿದು ದೀಪ ಆರಿಸಿದರೂ ಅವರು ಏಳಲಿಲ್ಲ.

ಹೊಸ ನಿಯಮದ ನಲವತ್ತು ದೇಶಗಳಿಗೂ ಊರಲ್ಲಿ ಕೊರತೆಯಾಗಲಿಲ್ಲ. ಟೈಲರಕ್ಕ ಮಹಡಿಯನ್ನು ಗಣರಾಜ್ಯ ಮಾಡಿದರು. ಔಷಧಿ ಅಂಗಡಿಯವರ ಗೋದಾಮು ಸ್ವತಂತ್ರವಾಯಿತು. ಕಾರ್ಯದರ್ಶಿಯ ಸ್ಕೂಟರ್ ಶೆಡ್ಡು ಎರಡು ದೇಶಗಳಾಗಿ ಒಡೆದು, ನಡುವೆ ಸ್ಕೂಟರ್ ನಿಲ್ಲಲು ಜಾಗವಿಲ್ಲದಂತಾಯಿತು. ಅಂಚೆ ಕಚೇರಿಯವರು ಪಕ್ಕದ ಬೀದಿಯ ಕಾಗದಕ್ಕೂ ವಿದೇಶದ ಅಂಚೆಚೀಟಿ ಹಚ್ಚಲು ಹೇಳಿದರು. ಜನ ಹಚ್ಚಿದರು. ಗಡಿ ಅಳೆದುಕೊಡಿ ಎಂದು ಸರ್ವೆಯರ ಕಚೇರಿಯ ಮುಂದೆ ರಾಷ್ಟ್ರಗಳ ಮುಖ್ಯಸ್ಥರ ಸಾಲು ನಿಂತಿತು.

ಸರ್ವೆಯರ ದಿನಚರಿಯಲ್ಲಿ ಆದ ಬದಲಾವಣೆ ಒಂದೇ. ಬೆಳಿಗ್ಗೆ ಎದ್ದು ಅರ್ಜಿ ಬರೆದು, ಬಚ್ಚಲಿನ ವೀಸಾಕ್ಕೆ ಕಾಯಬೇಕು. ಮುಖ್ಯಸ್ಥೆಯ ಸ್ನಾನವಾದ ಮೇಲೆ ಪೌರರದು, ಪೌರರಾದ ಮೇಲೆ ವಿದೇಶಿಯರದು. ಒಂದು ದಿನ ಹಾಗೆಯೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಮೇಡಂ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು.

ಕ್ಲಿಕ್ ಎಂದಿತು. ಅತ್ತೆ ಹೊಸ್ತಿಲ ಆಚೆ, ತಮ್ಮ ದೇಶದಲ್ಲಿ, ಸರ್ವೆಯರ ಧೂಳು ಹಿಡಿದಿದ್ದ ಕ್ಯಾಮೆರಾ ಹಿಡಿದು ನಿಂತಿದ್ದರು.

“ಅಲ್ಲಾಡಬೇಡಿ ಅಳಿಯಂದ್ರೇ, ಇನ್ನೊಂದು. ಮುಖ ಹಾಗೇ ಇರಲಿ.”

ಮಧ್ಯಾಹ್ನದೊಳಗೆ ಚಿತ್ರ ಮಹಡಿಯ ಗಣರಾಜ್ಯದಲ್ಲಿ ಅಂಗೀಕಾರವಾಗಿ ಬಂತು. ಬಲಗಡೆ ಒಂದಿಂಚು ಕತ್ತರಿಸಲಾಗಿತ್ತು. ದಾಖಲೆ ಇಡುವುದು ತಮಗೆ ತಿಳಿಯದು ಎಂದು ಅತ್ತೆ ಅದನ್ನು ಸರ್ವೆಯರ ಕೈಗೇ ಕೊಟ್ಟರು. ವೀಸಾ ಇನ್ನೂ ಬಂದಿರಲಿಲ್ಲವಾದ್ದರಿಂದ ಸರ್ವೆಯರು ಹೆಗಲ ಮೇಲೆ ಟವೆಲ್ ಇರುವಂತೆಯೇ ಹೊಸ ಪುಸ್ತಕ ತೆರೆದು ಕಾಲಂ ಎಳೆದರು. ಕ್ರಮಸಂಖ್ಯೆ ಒಂದು. ದೇಶ, ಮಹಡಿ. ಶೀರ್ಷಿಕೆ, ‘ಅವಸರ’.

ಷರಾ ಕಾಲಮ್ಮಿನಲ್ಲಿ ‘ಶೀರ್ಷಿಕೆ ವಾಸ್ತವಕ್ಕೆ ಸರಿಹೊಂದುತ್ತದೆ, ಬದಲಿಸುವ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದರು. ಸಹಿಯ ಮುಂದೆ ಆರು ಅಕ್ಷರಗಳನ್ನೂ ಮರೆಯದೆ ಹಾಕಿದರು.