ಕಲ್ಲಿನ ಮ್ಯಾಲ ಬಿಟ್ಟ ಜಾಗ

ಬಳ್ಳಾರಿಯಾಗ ನಂದು ವಕೀಲಿ. ಜಗಳದ ಕೇಸು ಬಿಟ್ಟು ಈಗ ಬರೇ ವಿಲ್ಲು, ದಾನಪತ್ರ ಬರೀತೀನಿ. ಇನ್ನ ಶಾಂತಿಯಿಂದ ಇರಬಹುದು ಅನ್ಕೊಂಡಿದ್ದೆ. ಎಲ್ಲಿ ಶಾಂತಿ! ಸಾವಿನ ಮಾತು ಬಂದಲ್ಲೆಲ್ಲ ನಗಿ ಹಿಂದಿಂದ ಬಂದು ಕುಂದರತೈತಿ, ನಾನೇನು ಕರೆಯೋದಿಲ್ಲ. ಬಂದೋರೆಲ್ಲ "ಸಾಹೇಬ್ರೇ, ನೀವು ನಿಮ್ಮ ವಿಲ್ಲು ಬರದೀರೇನು?" ಅಂತ ಕೇಳ್ತಾರ. "ಈ ಅಮಾಸಿ ಒಂದು ಕಳೀಲ್ರಿ" ಅಂತೀನಿ. ಎಷ್ಟು ಅಮಾಸಿ ಕಳದ್ವೋ ಆ ದೇವರಿಗೇ ಗೊತ್ತು.

ಈಗ ಹೇಳೋವೆಲ್ಲ ಒಬ್ರು ಅಮ್ಮಾರ ಸಂಗತಿ. ಸಿರುಗುಪ್ಪದಾಗ ಗಂಡ ಹೋದಮ್ಯಾಲ ಅಕ್ಕಿ ಗಿರಣಿ ತಾವೇ ನಡೆಸಿ, ಹಮಾಲರನ್ನ, ಲಾರಿ ಡ್ರೈವರುಗಳನ್ನ ಬರೇ ಕಣ್ಣಾಗ ಹೆದರಿಸಿದ ಹೆಣ್ಣುಮಗಳು. ಮಕ್ಕಳಿಲ್ಲ. ಗಿರಣಿ ಮಾರಿ ತವರೂರು ಕುರುಗೋಡಿಗೆ ಬಂದು ದೊಡ್ಡ ಮನಿ ತಗೊಂಡ್ರು. ಮನಿ ಎದುರಿಗೇ ಹೆಣ್ಣುಮಕ್ಕಳ ಸಾಲಿ. ಸಾಲಿಗೆ ರೂಮು ಸಾಲದು. ಏಳನೇ ಕ್ಲಾಸಿನ ಹುಡುಗಿಯರು ಬೇವಿನ ಗಿಡದ ಕೆಳಗ ಕುಂತು ಓದ್ತಿದ್ರು. ನಮ್ಮ ಸೀಮಿ ಬಿಸಿಲು ನಿಮಗ ಗೊತ್ತಲ್ಲ, ನೆರಳೂ ಸುಡತೈತಿ. ಅದನ್ನ ದಿನಾ ನೋಡಿ ನೋಡಿ ಅಮ್ಮ ಒಂದಿನ ನನ್ನ ಆಫೀಸಿಗೆ ಬಂದ್ರು.

"ನನ್ನ ಕಾಲ ಆದಮ್ಯಾಲ ಈ ಮನಿ ಸಾಲಿಗೆ ಹೋಗ್ಬೇಕು. ಬರೀರಿ" ಅಂದ್ರು.

೧. ಸಾಕ್ಷಿಗಳು

"ಇಬ್ರು ಸಾಕ್ಷಿ ಬೇಕ್ರಿ ಅಮ್ಮಾ, ನಿಮಗ ಬೇಕಾದೋರನ್ನ ಕರ್ಕೊಂಡು ಬರ್ರಿ" ಅಂದೆ. ಸಿರುಗುಪ್ಪದಿಂದ ಇಬ್ರು ಗೆಳತ್ಯಾರನ್ನ ಬಸ್ಸಿನಾಗ ಕರ್ಕೊಂಡು ಬಂದ್ರು. ನೋಡಿದ್ರ, ಇಬ್ರೂ ಅಮ್ಮನಿಗಿಂತ ಹಿರೇರು! ಮೆಟ್ಲು ಹತ್ತಾಕ ಒಬ್ರಿಗೆ ಇನ್ನೊಬ್ರು ಕೈ ಕೊಟ್ಟಿದ್ರು, ಕೊಟ್ಟೋರಿಗೆ ಅಮ್ಮ ಕೈ ಕೊಟ್ಟಿದ್ರು.

"ಅಲ್ರೀ ಅಮ್ಮಾ, ಸಾಕ್ಷಿ ನಿಮಗಿಂತ ಸಣ್ಣೋರಿರಬೇಕ್ರಿ. ನಾಳೆ ನೀವಿಲ್ಲದಾಗ ಬಂದು ಹೇಳಬೇಕಾದೋರು ಅವ್ರು."

"ಸಣ್ಣೋರನ್ನ ಯಾರು ನಂಬ್ತಾರ? ಇವ್ರು ನನ್ನ ಮದುವಿಯಿಂದ ಗೊತ್ತು."

ಅಷ್ಟರಾಗ ಹಿರೇ ಗೆಳತಿಗೆ ಚಿಂತಿ ಹತ್ತಿತು. "ಹೌದವಾ, ನಿನಗಿಂತ ಮೊದ್ಲ ನಾ ಹೋದ್ರ ಸಾಕ್ಷಿ ಯಾರಿಗೆ ಹೇಳ್ಲಿ?"

"ಅಲ್ಲೇ ನಿಂತಿರು. ನಾ ಬಂದಮ್ಯಾಲ ನನಗ ಹೇಳು" ಅಂದ್ರು ಅಮ್ಮ.

೨. ಹೆಡ್‌ಮೇಷ್ಟ್ರ ಫಜೀತಿ

ಕಡೀಗೆ ಪಕ್ಕದ ಆಫೀಸಿನ ಇಬ್ರು ವಕೀಲರು ಸೈನು ಹಾಕಿ ವಿಲ್ಲಾತು. ಸದ್ಯ ಗುಟ್ಟಾಗಿರ್ಲಿ ಅಂದಿದ್ದೆ. ಕೇಳಬೇಕಲ್ಲ! ಅಮ್ಮ ಊರಿಗೆ ಹೋದ ಕೂಡ್ಲೇ ಸಾಲಿ ಹೆಡ್‌ಮೇಷ್ಟ್ರಿಗೆ ಹೇಳಿಬಿಟ್ರು. ಪಾಪ, ಭಾಳ ಮರ್ಯಾದಸ್ಥ ಮನುಷ್ಯ. ಅವತ್ತಿಂದ ಅವರಿಗೆ ನಿದ್ದಿ ಹಾರಿಹೋತು. ನನಗ ಫೋನು ಮಾಡಿದ್ರು.

"ಸಾರ್, ಆರೋಗ್ಯ ಹೆಂಗೈತ್ರಿ ಅಂತ ಅಮ್ಮಾರನ್ನ ಕೇಳಿದ್ರ, ಮನಿ ಆಸಿಗೆ ಕೇಳ್ತಾನ ಅಂತಾರ ಜನ. ಕೇಳದಿದ್ರ, ಮನಿ ಕೊಟ್ಟೋರನ್ನ ಮಾತಾಡ್ಸಂಗಿಲ್ಲ ನೋಡು ಅಂತಾರ. ನಾ ಏನು ಮಾಡ್ಲಿ?"

"ಹಣ್ಣು ತಗೊಂಡು ಹೋಗ್ರಿ. ಏನೂ ಕೇಳಬ್ಯಾಡ್ರಿ" ಅಂದೆ.

ಹೋದ್ರು. ಮೋಸಂಬಿ ಮುಂದಿಟ್ಟು ಬಾಯಿಗೆ ಬೀಗ ಹಾಕ್ಕೊಂಡು ಕುಂತ್ರಂತ. ಅಡಿಗಿಮನಿಯಾಗಿದ್ದ ಅಮ್ಮ ಅದೇ ಹೊತ್ತಿಗೆ ಜೋರಾಗಿ ಕೆಮ್ಮಿದ್ರು. ಮೇಷ್ಟ್ರು ಗಾಬರಿಯಾಗಿ ಎದ್ದು ನಿಂತುಬಿಟ್ರು.

"ಕುಂದರ್ರಿ ಮೇಷ್ಟ್ರೇ, ಒಗ್ಗರಣಿ ಘಾಟು. ನಿಮ್ಮ ಸಾಲಿಗೆ ಇನ್ನೂ ಟೈಮೈತಿ."

೩. ಕಲ್ಲು

ದಾನ ಅಂದಮ್ಯಾಲ ಕಲ್ಲು ಬೇಕಲ್ಲ. ನಮ್ಮ ಕಡೆ ಗುಡಿಗೆ ಒಂದು ಗಂಟಿ ಕೊಟ್ರೂ ಗಂಟಿಗಿಂತ ದೊಡ್ಡ ಕಲ್ಲು ನಿಲ್ಲಸ್ತಾರ. ಊರ ಹಿರೇರಿಗೆ ತಡಕೊಳ್ಳಾಕ ಆಗಲಿಲ್ಲ. ಒಳ್ಳೇ ಕರೀಕಲ್ಲು ಸಿಕ್ಕೈತಿ, ಮುಂದ ಸಿಗತೈತೋ ಇಲ್ಲೋ ಅಂತ ಈಗಲೇ ಹೆಸರು ಕೆತ್ತಾಕ ಹಚ್ಚಿದ್ರು. ಅಮ್ಮ ನೋಡಾಕ ಹೊಂಟ್ರು. ಅವತ್ತ ನಾನೂ ಕುರುಗೋಡಿನಾಗಿದ್ದೆ, ಜೋಡಿ ಹೋದೆ.

ಹೆಸರು ಚಂದ ಬಂದಿತ್ತು. ಅದರ ಕೆಳಗ ಹುಟ್ಟಿದ ವರ್ಷ, ಒಂದು ಅಡ್ಡಗೆರಿ, ಆಮ್ಯಾಲ ಅಂಗೈ ಅಗಲ ಖಾಲಿ. ಅಮ್ಮ ಆ ಖಾಲಿ ಜಾಗದ ಮ್ಯಾಲ ಬೆರಳಿಟ್ರು.

"ಇಲ್ಲಿ ಯಾಕಲೇ ಬಿಟ್ಟೀ?"

ಕೆತ್ತೋನು ಉಳಿ ಕೆಳಗಿಟ್ಟು ತಲಿ ಕೆರ್ಕೊಂಡ. ನನ್ನ ಮಾರಿ ನೋಡಿದ. ನಾ ಗಿಡ ನೋಡಿದೆ.

"ಸ್ವಲ್ಪ ಕೆಲಸ ಬಾಕಿ ಐತ್ರಿ ಅಮ್ಮಾ."

"ನಿಂದೋ, ನಂದೋ?"

೪. ಹಾಜರಿ

ಅಮ್ಮಾರು ಇರೋವಾಗಲೇ ಒಂದು ಸನ್ಮಾನ ಮಾಡೋಣ ಅಂತ ಸಾಲ್ಯಾಗ ಸಭೆ ಇಟ್ರು. ಶಾಮಿಯಾನ ಸಾಲದೆ ದೊಡ್ಡೋರು ನೆರಳಿನಾಗ, ಹುಡುಗಿಯರು ಬಿಸಿಲಾಗ. ಹೆಡ್‌ಮೇಷ್ಟ್ರು ಮೈಕು ಹಿಡಿದು ಹೊಗಳಿದ್ದೇ ಹೊಗಳಿದ್ದು. ಊರಾಗ ಯಾರು ಸತ್ರೂ ಭಾಷಣ ಇವ್ರದೇ, ನಾಲಿಗಿಗೆ ಅದೇ ರೂಢಿ. ಮಾತಿನ ಭರದಾಗ, "ಇಂಥಾ ಮಹಾತಾಯಿಯ ಆತ್ಮಕ್ಕೆ ಶಾಂತಿ ಸಿಗಲಿ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದುಬಿಟ್ರು!

ಎಲ್ಲರೂ ಎದ್ರು. ನಾನೂ ಎದ್ದೆ. ಅಮ್ಮನೂ ಕೈ ಮುಗಿದು ಎದ್ರು. ಮೇಷ್ಟ್ರಿಗೆ ತಪ್ಪು ಗೊತ್ತಾಗಿ ಬೆವರು ಕಿತ್ಕೊಂಡು ಬಂತು, ಆದ್ರ ಮೌನ ಮುರಿಯೋರು ಯಾರು? ನನಗ ನಗಿ ತಡಿಯಾಕ ಆಗದೆ ತುಟಿ ಕಚ್ಚಿ ನಿಂತಿದ್ದೆ.

ಅಮ್ಮ ಮಾತ್ರ ಮುಂದಿದ್ದ ಹುಡುಗಿಯರನ್ನ ನೋಡ್ತಿದ್ರು. ಚಪ್ಪಲಿ ದೂರ ಬಿಟ್ಟು ಬಂದಿದ್ವು ಕೂಸುಗಳು. ನೆಲ ಸುಟ್ಟು ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮ್ಯಾಲ ಇಡ್ತಿದ್ವು, ಆದ್ರೂ ಕೈ ಮುಗಿದಿದ್ದು ಬಿಟ್ಟಿರಲಿಲ್ಲ. ಅಮ್ಮ ಹೋಗಿ ಮೈಕು ಕಸ್ಕೊಂಡ್ರು.

"ನನ್ನ ಶಾಂತಿ ಆಮ್ಯಾಲ ನೋಡೋಣ ಮೇಷ್ಟ್ರೇ. ಈ ಹುಡುಗ್ರ ಕಾಲು ಸುಡಾಕ ಹತ್ಯಾವು. ನಾ ಸಾಯೋತನ ಇವ್ರು ಯಾಕ ಬಿಸಿಲಾಗ ಕುಂದರಬೇಕು? ವಕೀಲ್ರೇ, ಆ ವಿಲ್ಲು ಹರೀರಿ. ಈಗಲೇ ಕೊಡೋದಕ್ಕ ಏನಂತಾರ?"

"ದಾನಪತ್ರ ಅಂತಾರ್ರಿ ಅಮ್ಮಾ" ಅಂದೆ.

"ಅಡಿಗಿಮನಿ, ಹಿಂದಿನ ರೂಮು ನಾ ಇರೋತನ ನನಗ. ಉಳಿದದ್ದು ಸಾಲಿಗೆ. ಬರೀರಿ."

ಈಗ ಏಳನೇ ಕ್ಲಾಸು ಅಮ್ಮನ ಪಡಸಾಲ್ಯಾಗ ನಡೀತೈತಿ. ಮುಂಜಾನೆ ಮೇಷ್ಟ್ರು ಹಾಜರಿ ಕೂಗ್ತಾರ. ಹುಡುಗಿಯರದೆಲ್ಲ ಮುಗಿದಮ್ಯಾಲ ಅಡಿಗಿಮನಿಯಿಂದ ಅಮ್ಮನೂ "ಹಾಜರ್ ಸಾರ್!" ಅಂತಾರ. ಆರೋಗ್ಯ ಕೇಳೋ ಫಜೀತಿ ಮೇಷ್ಟ್ರಿಗೆ ತಪ್ಪಿತು.

ಮೊನ್ನೆ ಕಲ್ಲು ಕೆತ್ತೋನು ಬಂದಿದ್ದ. "ಅಮ್ಮಾ, ಕಲ್ಲು ಗೋಡಿಗೆ ಕೂಡಸ್ಬೇಕು. ಆ ಖಾಲಿ ಜಾಗಕ್ಕ ಏನು ಮಾಡ್ಲಿ?"

"ಹಾಜರ್ ಅಂತ ಕೆತ್ತು."

"ಮತ್ತ... ಮುಂದ?"

"ಮುಂದ ಗೈರುಹಾಜರಿ ಹಾಕೋದು ಮೇಷ್ಟ್ರ ಕೆಲಸ. ನಿನಗ್ಯಾಕಲೇ ಚಿಂತಿ?"