ನಿಲ್ದಾಣ ಕಿತ್ತು ಅಪರಾಧ ಇಳಿಸಿದವರಿಗೆ

ನಗರ ಸುರಕ್ಷತಾ ನಕ್ಷೆ ವಿಭಾಗದ ಮಾನ್ಯ ನಿರ್ದೇಶಕರೇ,

ಎರಡು ಹಳೆಯ ಬಟ್ಟೆ ಒಗೆಯುವ ಯಂತ್ರಗಳಿಂದ ಶುರುಮಾಡಿ ಇಂದು ಶಿಕಾಗೋದ ದಕ್ಷಿಣ ಭಾಗದಲ್ಲಿ ಒಂದಿಡೀ ಲಾಂಡ್ರಿ ನಡೆಸುತ್ತಿರುವ ಲೂಷಿಯಸ್ ಟಾರ್ಪ್ಲಿ ಎಂಬ ನಾನು, ನಮ್ಮ ಬೀದಿಯ ಹಿಮವನ್ನು ಇನ್ನೂ ತುಳಿದಿರದ ತಮ್ಮ ಪಾದಗಳಿಗೆ ನಮಸ್ಕರಿಸುತ್ತೇನೆ. ಇತ್ತ ಕ್ಷೇಮವೆಂದು ತಮ್ಮ ನಕ್ಷೆಯೇ ಹೇಳುವುದರಿಂದ ನಾನು ಬೇರೆ ಹೇಳಬೇಕಾಗಿಲ್ಲ.

ನನ್ನ ಅಂಗಡಿಯೆದುರಿನ ಬಸ್ ನಿಲ್ದಾಣದಲ್ಲಿ ಮೇಲಿಂದ ಮೇಲೆ ಫೋನು, ಪರ್ಸು ಕಿತ್ತುಕೊಳ್ಳುವುದು ನಡೆದು ತಮ್ಮ ನಕ್ಷೆಗೆ ದಡಾರದಂತೆ ಕೆಂಪು ಚುಕ್ಕೆಗಳು ಎದ್ದಾಗ, ತಾವು ಕಳ್ಳರನ್ನು ಹಿಡಿಯುವ ಒರಟು ಕೆಲಸಕ್ಕೆ ಇಳಿಯದೆ ನಿಲ್ದಾಣವನ್ನೇ ಕೀಳಿಸಿದಿರಿ. ಅಲ್ಲೀಗ ಅಪರಾಧ ಶೂನ್ಯವೆಂದು ಚರ್ಚಿನ ನೆಲಮಾಳಿಗೆಯ ಸಭೆಯಲ್ಲಿ ತಾವು ಸಾರಿದಾಗ ನಾನು ಚಪ್ಪಾಳೆ ತಟ್ಟಿದೆ. ಗಿರಾಕಿಯನ್ನೇ ಓಡಿಸಿದರೆ ಗಿರಾಕಿಯ ದೂರಿರುವುದಿಲ್ಲ ಎಂಬ ವ್ಯಾಪಾರದ ಗುಟ್ಟು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಮ್ಮ ನೆರೆಯ ಹಿರಿಯೆ ಮಿಸ್ ಅರ್ನೆಸ್ಟೀನ್ ಮಾತ್ರ ತಟ್ಟಲಿಲ್ಲ. “ಕಳ್ಳರು ಬಸ್ಸಿಗೆ ಕಾಯ್ತಿರ್ಲಿಲ್ಲಪ್ಪ, ನಮಗೆ ಕಾಯ್ತಿದ್ರು. ನಾವು ನಡೆದಲ್ಲಿಗೆ ಅವ್ರೂ ನಡೆದು ಬರ್ತಾರೆ,” ಎಂದರು. ತಾವು ಗಡಿಯಾರ ನೋಡಿಕೊಂಡಿರಿ.

ಮಿಸ್ ಅರ್ನೆಸ್ಟೀನ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕು. ಮುಂದಿನ ನಿಲ್ದಾಣಕ್ಕೆ ಬೀಗ ಹಾಕಿದ ಶಾಲೆಯ ಗೋಡೆಯುದ್ದಕ್ಕೂ ಮಂಜುಗಡ್ಡೆಯ ಮೇಲೆ ನಡೆಯಬೇಕು. ಅಲ್ಲಿ ಯಾರೋ ಕೈಚೀಲಕ್ಕೆ ಜಗ್ಗಾಡಿ ಬೀಳಿಸಿದ ಮೇಲೆ, ಹೆದರಿ ಒಂದು ಸರದಿ ತಪ್ಪಿಸಿ, ಮೈ ಊದಿಕೊಂಡು ಆಸ್ಪತ್ರೆ ಸೇರಿದರು. ಇನ್ನೊಂದು ತಪ್ಪಿದರೆ ಉಳಿಯಲಾರರೆಂದು ಹೇಳಿ ವೈದ್ಯರು ಮನೆಗೆ ಕಳಿಸಿದರು. ಮೂತ್ರಪಿಂಡಕ್ಕೆ ತಮ್ಮ ನಕ್ಷೆಯಲ್ಲಿ ಬಣ್ಣವಿಲ್ಲದಿರುವುದು ತಮ್ಮ ತಪ್ಪಲ್ಲ ಬಿಡಿ.

ಹಿಮ ಬಾಚಿ ಕಾರಿಗೆ ಜಾಗ ಬಿಡಿಸಿಕೊಂಡವನು ಅಲ್ಲೊಂದು ಮುರುಕು ಕುರ್ಚಿಯಿಟ್ಟರೆ ಆ ಜಾಗ ಅವನದೇ ಎಂಬ ನಮ್ಮೂರ ಚಳಿಗಾಲದ ಕಾನೂನು ತಮಗೂ ಗೊತ್ತು. ನಾವು ಹಳೆಯ ನಿಲ್ದಾಣದ ಹಿಮ ಬಾಚಿ ಅಡುಗೆಮನೆಯ ಕುರ್ಚಿಗಳನ್ನಿಟ್ಟೆವು. ಬಸ್ ಚಾಲಕ ಡೆಶಾನ್ ಬ್ರೇಕು ಹಾಕಿ, “ಕುರ್ಚಿ ಇಟ್ಟಾಯ್ತಲ್ಲ, ಇನ್ನು ಇದು ನಿಮ್ಮ ಜಾಗ. ನಿಲ್ಲಿಸ್ದೆ ಹೋದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸ್ತಾಳಾ?” ಎಂದ. ಆಮೇಲೆ ನಾನೂ ಬೇಗ ಅಂಗಡಿ ತೆರೆದು ದೀಪ ಹಚ್ಚುತ್ತೇನೆ. ಬಟ್ಟೆ ಒಗೆಯಲು ಬಂದವರೆಲ್ಲ ಗಾಜಿನಾಚೆ ಒಂದು ಕಣ್ಣಿಟ್ಟಿರುತ್ತಾರೆ. ಅಂದಿನಿಂದ ಅಲ್ಲಿ ಯಾರ ಚೀಲಕ್ಕೂ ಯಾರೂ ಕೈಹಾಕಿಲ್ಲ.

ಈಗ ತಮ್ಮ ನೋಟೀಸು ಬಂದಿದೆ: ಕುರ್ಚಿಗಳು ಅತಿಕ್ರಮಣವಂತೆ. ಕೀಳುವುದೇ ಆದರೆ ಅರ್ಧಕ್ಕೆ ಬಿಡಬೇಡಿ, ಸ್ವಾಮಿ. ಬಾಗಿಲುಗಳನ್ನು ಕಿತ್ತು ಬಾಗಿಲು ಮುರಿಯುವುದನ್ನು, ಬ್ಯಾಂಕು ಕಿತ್ತು ದರೋಡೆಯನ್ನು, ಕಡೆಗೆ ನಮ್ಮನ್ನೇ ಕಿತ್ತು ಉಳಿದೆಲ್ಲವನ್ನೂ ಇಳಿಸಿ, ಬೋಳು ನೆಲದ ಮೇಲೆ ಶಾಂತಿಯ ಫಲಕ ನೆಡಿ. ಅಷ್ಟು ತ್ರಾಣವಿಲ್ಲದಿದ್ದರೆ ನಿಲ್ದಾಣವನ್ನೂ ಒಂದು ದೀಪವನ್ನೂ ಮರಳಿ ಕೊಡಿ.

ಸದ್ಯಕ್ಕೆ ಚುಕ್ಕೆಯಾಗದೆ ಉಳಿದಿರುವ,
ತಮ್ಮ ವಿಶ್ವಾಸಿ
ಲೂಷಿಯಸ್ ಟಾರ್ಪ್ಲಿ

ಮರೆತಿದ್ದ ಮಾತು: ಕುರ್ಚಿ ಹೊರಲು ತಾವು ಕಳಿಸಿದ ನೌಕರ ಇದೀಗ ಬಂದಿದ್ದ. ಚಳಿಗೆಂದು ವ್ಯಾನಿನ ಎಂಜಿನ್ ಚಾಲೂ ಬಿಟ್ಟು ಇಳಿದ. ಮೊದಲ ಕುರ್ಚಿ ಎತ್ತುವಷ್ಟರಲ್ಲಿ ವ್ಯಾನು ಹೊರಟುಹೋಯಿತು. ಇದನ್ನು ಕಳವೆಂದು ಬರೆಯುವಿರೋ, ಜಾಗ ತೆರವಾಯಿತೆಂದೋ, ತಮ್ಮ ಚಿತ್ತ. ಬಸ್ಸು ಎಲ್ಲಿ ಸಿಗುತ್ತದೆಂದು ಅವನು ಕೇಳಿದ. ಬಸ್ಸಿಗೆ ಕಾಯುತ್ತಿದ್ದ ಮಿಸ್ ಅರ್ನೆಸ್ಟೀನ್ ಅವನ ಕೈಲಿದ್ದ ಕುರ್ಚಿಯನ್ನು ಕೆಳಗಿಡಿಸಿ ಹೇಳಿದರು: “ಕೂತ್ಕೊಳಪ್ಪ, ಇಲ್ಲೇ ನಿಲ್ಲುತ್ತೆ.”