ಅಮ್ಮ ಕುದುರೆಯಿಂದ ಇಳಿಯದಿರುವ ಬಗ್ಗೆ

ಇಂದ: ಲಿಫ್ಟ್ ನಡೆಸುವವನು (ಸದ್ಯ ಕೊಠಡಿ ಸಂಖ್ಯೆ ಎರಡು, ಮರದ ಕುದುರೆಯ ಎಡಗಾಲಿನ ಬಳಿ)

ಗೆ: ಮೇಲ್ವಿಚಾರಕರು, ಅಶ್ವದಳದ ವಸ್ತು ಸಂಗ್ರಹಾಲಯ (ಸದ್ಯ ಕೊಠಡಿ ಸಂಖ್ಯೆ ಒಂದು)

ವಿಷಯ: ತಾಯಿಯನ್ನು ಇಳಿಸಿಕೊಳ್ಳುವ ಸಲುವಾಗಿ ಪ್ರದರ್ಶಿತ ವಸ್ತುವನ್ನು ಮುಟ್ಟಲು ಅನುಮತಿ ಕೋರಿ

ಉಲ್ಲೇಖ: "ಏನಿದ್ರೂ ಬರೆದು ಕೊಡಿ" ಎಂಬ ತಮ್ಮ ಮೌಖಿಕ ಆದೇಶ, ಇಂದು ಮಧ್ಯಾಹ್ನ ಮೂರೂವರೆ

ಮಾನ್ಯರೇ,

೧. ಅರ್ಜಿದಾರನು ತನ್ನ ಎಪ್ಪತ್ತೊಂಬತ್ತು ವರ್ಷದ ತಾಯಿಯೊಂದಿಗೆ ತಮ್ಮಲ್ಲಿಗೆ ಬಂದಿರುತ್ತಾನೆ. ಕತ್ತಿ, ಕಹಳೆ ಇತ್ಯಾದಿಗಳನ್ನು ಸದರಿ ತಾಯಿಯು ಕಣ್ಣೆತ್ತಿಯೂ ನೋಡಿರುವುದಿಲ್ಲ. ಕಾವಲುಗಾರರು ಚಹಾಕ್ಕೆ ಹೋದ ಕಾರಣ ಅವರ ಸ್ಟೂಲು ಖಾಲಿಯಾಗಿ, ಖಾಲಿಯಾದ ಕಾರಣ ಸದರಿ ತಾಯಿಯು ಅದನ್ನು ಎಳೆದುಕೊಂಡು, ಅರ್ಜಿದಾರನು ಮೂಗು ಒರೆಸಿಕೊಂಡು ತಿರುಗುವಷ್ಟರಲ್ಲಿ ಕುದುರೆಯ ಮೇಲಿದ್ದರು. ಮನೆಯಲ್ಲಿ ಎರಡು ಮೆಟ್ಟಿಲಿಗೆ "ಅಯ್ಯೋ ಮಂಡಿ" ಎನ್ನುವವರು ಇವರೇ.

೨. ಕಾರಣ ವಿಚಾರಿಸಲಾಗಿ: "ನಮ್ಮಪ್ಪ ಈ ದಳದ ಕುದುರೆಗಳಿಗೇ ಲಾಳ ಹೊಡೀತಿದ್ದ. ಒಂದ್ಸಲ ಕೂರ್ತೀನಪ್ಪ ಅಂತ ಗೋಗರೆದ್ರೆ, ಸರ್ಕಾರಿ ಕುದುರೆ, ಮುಟ್ಟಬೇಡ ಅಂದ. ಇವತ್ತು ಬಂದ್ರೆ ಇಲ್ಲೂ ಅದೇ ಬೋರ್ಡು! ಎಪ್ಪತ್ತು ವರ್ಷ ಆಯ್ತು ಕಣೋ, ಇನ್ಯಾವಾಗ ಕೂರ್ಲಿ?"

೩. ಇಳಿಸಲು ಕೈ ಚಾಚಿದಾಗ ಕಾವಲುಗಾರರು ಬಂದು, "ಕುದುರೆ ಮುಟ್ಟೋ ಹಾಗಿಲ್ಲ ಸಾರ್" ಎಂದಿರುತ್ತಾರೆ. "ಕುದುರೆ ಅಲ್ರೀ, ನಮ್ಮಮ್ಮ" ಎಂದರೆ, "ಕುದುರೆ ಮೇಲಿರೋದೆಲ್ಲ ಕುದುರೆಗೇ ಸೇರಿದ್ದು" ಎಂದಿರುತ್ತಾರೆ. ಆದ್ದರಿಂದ ಮುಟ್ಟದೆ ಇಳಿಸುವಂತಿಲ್ಲ, ಇಳಿಸದೆ ತಾವು ಐದಕ್ಕೆ ಬಾಗಿಲು ಹಾಕುವಂತಿಲ್ಲ. ಮೂವತ್ತು ವರ್ಷದಿಂದ ಲಿಫ್ಟಿನಲ್ಲಿ ಕಂಡಕಂಡವರನ್ನೆಲ್ಲ ಕೆಳಗಿಳಿಸುತ್ತ ಬಂದ ಅರ್ಜಿದಾರನಿಗೆ ಹೆತ್ತ ತಾಯಿಯನ್ನು ಇಳಿಸಲಾಗದಿರುವುದು ನಾಚಿಕೆಗೇಡು.

೪. ಈ ಮಧ್ಯೆ ಬಂದ ಒಂದು ಕುಟುಂಬವು, "ಅಜ್ಜಿ ಬೊಂಬೆ ಎಷ್ಟು ಚೆನ್ನಾಗ್ ಮಾಡಿದಾರೆ, ಥೇಟ್ ಜೀವ ಇದ್ದಂಗಿದೆ" ಎಂದಿರುತ್ತದೆ. ತಾಯಿಯು ಉಸಿರು ಬಿಗಿಹಿಡಿದು ಸಹಕರಿಸಿರುತ್ತಾರೆ.

೫. ಇಷ್ಟು ಬರೆಯುವಷ್ಟರಲ್ಲಿ ಸದರಿಯವರು ಅರ್ಜಿದಾರನನ್ನು ಕರೆದು, "ಒಬ್ಳೇ ಎಷ್ಟು ದೂರ ಹೋಗ್ಲಿ? ನೀನೂ ಹತ್ತು. ಒಂದು ಸುತ್ತು ಹೊಡ್ಕೊಂಡ್ ಬಂದು ಇಬ್ರೂ ಇಳಿಯೋಣ" ಎಂದಿರುತ್ತಾರೆ.

ಆದ್ದರಿಂದ, ಮೇಲಿನ ವಿಷಯವನ್ನು ಹಿಂಪಡೆದು, ಪಕ್ಕದ ಕಂದು ಕುದುರೆ ಖಾಲಿ ಇರುವ ಕಾರಣ ಅದನ್ನು ಅರ್ಜಿದಾರನಿಗೆ ಒಂದು ಸುತ್ತಿನ ಮಟ್ಟಿಗೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಇಂತು,
ತಮ್ಮ ವಿಶ್ವಾಸಿ ಹಾಗೂ ಮೇಲೆ ಕುಳಿತವರ ಮಗ

ಲಗತ್ತು: ಪ್ರವೇಶ ಚೀಟಿ ಎರಡು, ತಾಯಿಯ ಚಪ್ಪಲಿ ಒಂದು ಜೊತೆ (ಕುದುರೆಯ ಕೆಳಗಿದೆ).

ವಿ.ಸೂ.: ಸ್ಟೂಲಿನ ಮೇಲೆ ಕಾವಲುಗಾರರು ಕುಳಿತಿದ್ದಾರೆ. ಅವರನ್ನು ದಯವಿಟ್ಟು ಎಬ್ಬಿಸಿಕೊಡಬೇಕು.